ಕರುಳಿನ ಪರೀಕ್ಷೆಯೂ ಮನಸ್ಸಿನ ಪರೀಕ್ಷೆಯೂ

ರೋಗವು ಪ್ರಕಟವಾದ ಮೇಲೆ ವೈದ್ಯನನ್ನು ಅರಸುವುದು ಲೋಕದ ರೂಢಿ. ನೋವಿಲ್ಲ, ಜ್ವರವಿಲ್ಲ, ಉಣ್ಣುವ ಊಟ ರುಚಿಸುತ್ತಿದೆ, ಮಾಡುವ ಕಾಯಕ ನಡೆಯುತ್ತಿದೆ. ಇಂಥ ಸ್ಥಿತಿಯಲ್ಲಿರುವ ಮನುಷ್ಯನು ‘ನನ್ನೊಳಗೆ ರೋಗವಿದೆಯೇ ನೋಡಿ’ ಎಂದು ವೈದ್ಯನ ಬಾಗಿಲಿಗೆ ಹೋಗಬೇಕೆ? ಹೋಗುವುದು ವಿವೇಕವೋ, ದೇಹದ ಮೇಲಣ ಅತಿಮೋಹವೋ? ಹೋಗದಿರುವುದು ಶಿವನಲ್ಲಿಟ್ಟ ನಿಷ್ಠೆಯೋ, ಕೇವಲ ಅಲಕ್ಷ್ಯವೋ? ದೊಡ್ಡ ಕರುಳಿನ ಕ್ಯಾನ್ಸರಿನ ವಿಷಯದಲ್ಲಿ ಈ ಪ್ರಶ್ನೆಯು ಇಂದು ಗೃಹಸ್ಥರ ಮುಂದೆ ನಿಂತಿದೆ. ಮೇಲುನೋಟಕ್ಕೆ ಇದು ವೈದ್ಯಶಾಸ್ತ್ರಕ್ಕೆ ಸೇರಿದ ಪ್ರಶ್ನೆಯೆಂದು ತೋರಿದರೂ, ವಿಚಾರಿಸಿ ನೋಡಿದರೆ ಮನುಷ್ಯನ ನಂಬಿಕೆಗಳಿಗೆ ಸಂಬಂಧಿಸಿದ ಪ್ರಶ್ನೆ. ಆದುದರಿಂದ ಧರ್ಮದ ಪ್ರಶ್ನೆಯೂ ಹೌದು.

ಆರೋಗ್ಯವಂತನನ್ನು ಪರೀಕ್ಷಿಸುವುದು ಹೊರನಾಡಿನಿಂದ ಬಂದ ಹೊಸ ಮಾತೆಂದು ತಳ್ಳಿಹಾಕುವಂತಿಲ್ಲ. ಚರಕಸಂಹಿತೆಯು ಆಯುರ್ವೇದದ ಪ್ರಯೋಜನವನ್ನು ನಿರೂಪಿಸುವಾಗ, ಸ್ವಸ್ಥನ ಸ್ವಾಸ್ಥ್ಯವನ್ನು ಕಾಪಾಡುವುದನ್ನು ಮೊದಲು ಹೇಳಿ, ರೋಗಿಯ ರೋಗವನ್ನು ಶಮನಗೊಳಿಸುವುದನ್ನು ಅನಂತರ ಹೇಳಿದೆ. ಸುಶ್ರುತಸಂಹಿತೆಯು ರೋಗದ ನಡೆಯನ್ನು ಸಂಚಯ, ಪ್ರಕೋಪ, ಪ್ರಸರ, ಸ್ಥಾನಸಂಶ್ರಯ, ವ್ಯಕ್ತಿ, ಭೇದ ಎಂದು 6 ಘಟ್ಟಗಳಾಗಿ ವಿಂಗಡಿಸಿದೆ. ರೋಗವು ತನ್ನ ಪೂರ್ಣ ಲಕ್ಷಣಗಳೊಡನೆ ವ್ಯಕ್ತವಾಗುವುದು 5ನೆಯ ಘಟ್ಟದಲ್ಲಿ. ಅಂದರೆ, ರೋಗಿಯು ‘ನನಗೆ ರೋಗ ಬಂದಿದೆ’ ಎಂದು ಅರಿಯುವ ವೇಳೆಗೆ ರೋಗವು ಒಳಗೆ ಬಹುದೂರ ನಡೆದುಬಂದಿರುತ್ತದೆ. ಮೊದಲ ಘಟ್ಟಗಳಲ್ಲಿಯೇ ತಡೆದರೆ ಅದು ಬಲಗೊಳ್ಳದು ಎಂಬುದು ಪ್ರಾಚೀನರ ಅಭಿಪ್ರಾಯ.

ದೊಡ್ಡ ಕರುಳಿನ ಕ್ಯಾನ್ಸರಿಗೆ ಈ ಮಾತು ಎಷ್ಟು ಒಪ್ಪುತ್ತದೆಂಬುದು ಆಶ್ಚರ್ಯಕರವಾಗಿದೆ. ಈ ರೋಗವು ಬಹುಮಟ್ಟಿಗೆ ಕರುಳಿನ ಒಳಗೋಡೆಯಲ್ಲಿ ಮೂಡುವ ಸಣ್ಣ ಗಂಟಿನಿಂದ ಆರಂಭವಾಗುತ್ತದೆ. ಇದಕ್ಕೆ ಪಾಲಿಪ್ ಎಂದು ಹೆಸರು. ಎಲ್ಲ ಗಂಟುಗಳೂ ಕೆಡುವುದಿಲ್ಲ. ಕೆಡುವವು ಕ್ಯಾನ್ಸರಾಗಿ ಪರಿಣಮಿಸುವುದಕ್ಕೆ ಸಾಮಾನ್ಯವಾಗಿ ಸುಮಾರು 10 ವರ್ಷ ಹಿಡಿಯುತ್ತದೆ. ಆ ದೀರ್ಘಕಾಲದಲ್ಲಿ ನೋವೆಂಬುದೇ ಇರುವುದಿಲ್ಲ. ಆದರೆ ಗಂಟಿನಿಂದ ಆಗಾಗ ಕಣ್ಣಿಗೆ ಕಾಣದಷ್ಟು ರಕ್ತ ಒಸರಿ ಮಲದೊಡನೆ ಬೆರೆಯುವುದುಂಟು. ಈ ಗುಪ್ತರಕ್ತವನ್ನು ಕಂಡುಹಿಡಿಯುವುದೇ ಪೂರ್ವಪರೀಕ್ಷೆಯ ಉದ್ದೇಶ. ಕಡ್ಡಿಯೊಂದರಿಂದ ಮಲವನ್ನು ಸ್ವಲ್ಪ ತೆಗೆದು ಚಿಕ್ಕ ನಳಿಕೆಯಲ್ಲಿಟ್ಟು ಪ್ರಯೋಗಶಾಲೆಗೆ ಕೊಟ್ಟರಾಯಿತು. ರಕ್ತವಿದೆಯೆಂದು ತಿಳಿದುಬಂದರೆ, ಕೊಲೊನೋಸ್ಕೋಪಿ ಎಂಬ ವಿಧಾನದಲ್ಲಿ ಬಾಗುವ ನಳಿಕೆಯಿಂದ ವೈದ್ಯರು ಕರುಳಿನ ಒಳಭಾಗವನ್ನು ನೋಡುತ್ತಾರೆ. ಗಂಟು ಕಂಡರೆ ಬಹುವೇಳೆ ಅದೇ ನಳಿಕೆಯ ಮೂಲಕ ಅದನ್ನು ಕತ್ತರಿಸಿ ತೆಗೆಯುತ್ತಾರೆ. ಕ್ಯಾನ್ಸರನ್ನು ಬೇಗ ಕಾಣುವುದಷ್ಟೇ ಅಲ್ಲದೆ, ಹುಟ್ಟಲಿದ್ದ ಕ್ಯಾನ್ಸರನ್ನು ಹುಟ್ಟದಂತೆ ಮಾಡುವುದಕ್ಕೂ ಇಲ್ಲಿ ಅವಕಾಶವಿದೆ.

ಇದರ ಫಲವೇನು? ಅಮೆರಿಕದ ಮಿನ್ನೆಸೋಟದಲ್ಲಿ 50ರಿಂದ 80 ವರ್ಷದೊಳಗಿನ 46,551 ಮಂದಿಯನ್ನು ಸೇರಿಸಿಕೊಂಡು ನಡೆಸಿದ ಪರಿಶೋಧನೆಯ ಫಲಿತಾಂಶ 1993ರಲ್ಲಿ ಪ್ರಕಟವಾಯಿತು. ಪ್ರತಿವರ್ಷ ಮಲಪರೀಕ್ಷೆಗೆ ಒಳಪಟ್ಟವರ ಗುಂಪಿನಲ್ಲಿ ಕರುಳಿನ ಕ್ಯಾನ್ಸರಿನಿಂದ ಸಂಭವಿಸಿದ ಮರಣಗಳು ಮೂರರಲ್ಲಿ ಒಂದು ಪಾಲು ಕಡಿಮೆಯಾಗಿದ್ದುವು. ಆ ದೇಶದ ಅಂಕಿಗಳಂತೆ, ರೋಗವು ಕರುಳಿನಲ್ಲಿಯೇ ಇರುವಾಗ ಗುರುತಿಸಲ್ಪಟ್ಟ 100 ಮಂದಿಯಲ್ಲಿ ಸುಮಾರು 90 ಮಂದಿ 5 ವರ್ಷಗಳ ಅನಂತರವೂ ಬದುಕಿರುತ್ತಾರೆ. ದೂರದ ಅಂಗಗಳಿಗೆ ಹರಡಿದ ಮೇಲೆ ಗುರುತಿಸಲ್ಪಟ್ಟವರಲ್ಲಿ ಬದುಕುಳಿಯುವವರು ಸುಮಾರು 15 ಮಂದಿ ಮಾತ್ರ. 2022ರಲ್ಲಿ ಪ್ರಪಂಚದಲ್ಲಿ ಸುಮಾರು 19 ಲಕ್ಷ ಜನರಿಗೆ ಈ ರೋಗ ಹೊಸದಾಗಿ ಕಂಡುಬಂದು, ಸುಮಾರು 9 ಲಕ್ಷ ಜನ ಇದರಿಂದ ಮಡಿದರು.

ಪಾಶ್ಚಾತ್ಯ ದೇಶಗಳೊಡನೆ ಹೋಲಿಸಿದರೆ ಭಾರತದಲ್ಲಿ ಈ ರೋಗ ಕಡಿಮೆ. ಆ ಕಾರಣದಿಂದಲೂ ಇರಬಹುದು, ಕೇಂದ್ರ ಸರ್ಕಾರವು 2016ರಲ್ಲಿ 30 ವರ್ಷ ಮೀರಿದವರಿಗಾಗಿ ರೂಪಿಸಿದ ಕ್ಯಾನ್ಸರ್ ತಪಾಸಣೆಯ ಕ್ರಮದಲ್ಲಿ ಬಾಯಿ, ಸ್ತನ, ಗರ್ಭಕೊರಳು ಎಂಬ ಮೂರು ಸ್ಥಾನಗಳಷ್ಟೇ ಸೇರಿದುವು, ಕರುಳು ಸೇರಲಿಲ್ಲ. ಇಂಗ್ಲೆಂಡಿನಲ್ಲಿ 2006ರಿಂದ, ಗೊತ್ತಾದ ವಯಸ್ಸು ತುಂಬಿದವರ ಮನೆಗೆ ಪರೀಕ್ಷೆಯ ಸಲಕರಣೆ ಅಂಚೆಯಲ್ಲಿ ಬರುತ್ತದೆ. ಮಂಗಳೂರಿನ ಗೃಹಸ್ಥನ ಬಾಗಿಲಿಗೆ ಅಂಥ ಅಂಚೆ ಬರುವುದಿಲ್ಲ. ವೈದ್ಯರಿಗೆ ಕೊರತೆಯಿರುವ ಊರೇನೂ ಅದಲ್ಲ. ವೆನ್ಲಾಕ್ ಆಸ್ಪತ್ರೆ 1848ರಿಂದ ಅಲ್ಲಿದೆ. ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಅವರು 1880ರಲ್ಲಿ ಬಡವರಿಗಾಗಿ ತೆರೆದ ಔಷಧಾಲಯ ಬೆಳೆದು ದೊಡ್ಡ ಆಸ್ಪತ್ರೆಯಾಗಿದೆ. ನಗರದ ಒಳಗೂ ಸುತ್ತಲೂ ವೈದ್ಯಕೀಯ ಕಾಲೇಜುಗಳು ಹಲವಿವೆ. ಆದರೂ ಕೇಳಿದವನಿಗಷ್ಟೇ ಪರೀಕ್ಷೆ. ಕೇಳಬೇಕೆಂದು ತೋರುವುದು, ತೋರದಿರುವುದು ಅವನವನ ನಂಬಿಕೆಯನ್ನು ಅವಲಂಬಿಸಿದೆ. ಹೀಗಾಗಿ ನಂಬಿಕೆಯ ಹೊಣೆ ಇಲ್ಲಿ ಇಮ್ಮಡಿಯಾಗುತ್ತದೆ.

ನಂಬಿಕೆಗೂ ಪರೀಕ್ಷೆಗೂ ಇರುವ ಈ ಸಂಬಂಧವನ್ನು ವಿದ್ವಾಂಸರು ಶೋಧಿಸಿರುವುದುಂಟು. 1950ರ ದಶಕದಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಇಲಾಖೆಯು ಕ್ಷಯರೋಗವನ್ನು ಕಂಡುಹಿಡಿಯುವುದಕ್ಕಾಗಿ ಎಕ್ಸ್-ರೇ ವಾಹನಗಳನ್ನು ಜನರ ಬೀದಿಗೇ ಒಯ್ದಿತು. ಹಣ ಕೊಡಬೇಕಾಗಿರಲಿಲ್ಲ, ದೂರ ನಡೆಯಬೇಕಾಗಿರಲಿಲ್ಲ. ಆದರೂ ಬಹುಜನ ಬರಲಿಲ್ಲ. ಏಕೆಂದು ವಿಚಾರಿಸಿದ ಹಾಖ್‌ಬಾಮ್, ರೋಸೆನ್‌ಸ್ಟಾಕ್ ಮೊದಲಾದ ಮನಶ್ಶಾಸ್ತ್ರಜ್ಞರು, ಮನುಷ್ಯನು ತನಗೆ ತಾನೇ ಹಾಕಿಕೊಳ್ಳುವ ನಾಲ್ಕು ಪ್ರಶ್ನೆಗಳಲ್ಲಿ ಇದರ ಮೂಲವನ್ನು ಕಂಡರು. ಈ ರೋಗ ನನಗೆ ಬಂದೀತೆ? ಬಂದರೆ ಎಷ್ಟು ಕೆಡುಕು? ಪರೀಕ್ಷೆಯಿಂದ ಪ್ರಯೋಜನವುಂಟೆ? ಆ ಪ್ರಯೋಜನಕ್ಕೆ ಅಡ್ಡಬರುವ ಕಷ್ಟ, ಸಂಕೋಚ, ವೆಚ್ಚಗಳೆಷ್ಟು? ಈ ನಾಲ್ಕರ ತೂಕದಂತೆ ಕಾಲು ಮುಂದಕ್ಕೆ ಹೋಗುತ್ತದೆ ಅಥವಾ ನಿಲ್ಲುತ್ತದೆ. ಇದೇ ಆರೋಗ್ಯನಂಬಿಕೆಯ ಸಿದ್ಧಾಂತವೆಂದು ಪ್ರಸಿದ್ಧವಾಯಿತು. ಈ ನಾಲ್ಕು ಪ್ರಶ್ನೆಗಳಿಗೆ ನಾಡಿನ ಮನೆಗಳಲ್ಲಿ ದೊರೆಯುವ ಉತ್ತರಗಳನ್ನು ಪೂರ್ವಪಕ್ಷವಾಗಿ ಇಟ್ಟುಕೊಂಡು ಪರಿಶೀಲಿಸುವುದು ಉಚಿತ.

ಮೊದಲನೆಯ ಪ್ರಶ್ನೆಗೆ ದೊರೆಯುವ ಉತ್ತರ: ‘ಸಸ್ಯಾಹಾರಿಗೆ ಈ ರೋಗವೆಲ್ಲಿಯದು?’ ಲಿಂಗವಂತರ ಮನೆಗಳಲ್ಲಿ ಈ ಧೈರ್ಯ ವಿಶೇಷ. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಸಂಸ್ಕರಿಸಿದ ಮಾಂಸವು ಈ ಕ್ಯಾನ್ಸರಿಗೆ ಕಾರಣವೆಂದೂ, ದನ, ಕುರಿ, ಹಂದಿಗಳ ಮಾಂಸವು ಬಹುಶಃ ಕಾರಣವೆಂದೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆ 2015ರಲ್ಲಿ ನಿರ್ಣಯಿಸಿತು. ನಾರಿನ ಅಂಶವುಳ್ಳ ಧಾನ್ಯ, ತೊಪ್ಪಲುಗಳು ಹಿತಕರ. ಆದರೆ ಅಪಾಯ ಕಡಿಮೆಯಾಗುವುದು ಬೇರೆ, ಇಲ್ಲವಾಗುವುದು ಬೇರೆ. ವಯಸ್ಸು, ವಂಶ, ಹೊಗೆಸೊಪ್ಪು, ಮದ್ಯ, ಬೊಜ್ಜು, ಕುಳಿತಲ್ಲೇ ಕುಳಿತಿರುವ ಜೀವನ, ಇವೂ ಕಾರಣಗಳೇ. ವಯಸ್ಸನ್ನು ತಡೆಯುವ ಆಹಾರವಾವುದೂ ಇಲ್ಲ. ಆಹಾರನಿಯಮವನ್ನು ಶೀಲವೆಂದು ಪಾಲಿಸುವುದು ಸರಿ; ಅದನ್ನು ರೋಗವು ಒಳನುಗ್ಗದ ಕೋಟೆಯೆಂದು ಭ್ರಮಿಸುವುದು ಸರಿಯಲ್ಲ.

ಎರಡನೆಯ ಉತ್ತರ ಇನ್ನೂ ಅಪಾಯಕರ. ಹಾವೇರಿಯ ಕಡೆಯಿಂದ ಬಂದು ಮಂಗಳೂರಿನ ಬಂದರಿನಲ್ಲಿ ಒಣಮೆಣಸಿನಕಾಯಿ ವ್ಯಾಪಾರ ಹೂಡಿರುವ ಗೃಹಸ್ಥನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ವಯಸ್ಸು 56. ಮಲದಲ್ಲಿ ಎರಡು ತಿಂಗಳಿಂದ ಆಗಾಗ ರಕ್ತ ಕಾಣುತ್ತಿದೆ. ‘ಒಮ್ಮೆ ದವಾಖಾನಿಗೆ ತೋರಿಸಿಕೊಂಡು ಬರ್ರಿ’ ಎಂದು ಹೆಂಡತಿ ಹೇಳಿದರೆ, ‘ಮೂಲವ್ಯಾಧಿ ಅದ, ಉಷ್ಣ ಆಗೇದ, ಮಜ್ಜಿಗಿ ಕುಡದರ ಹೋಗತದ’ ಎಂಬುದು ಅವನ ಉತ್ತರ. ನೆರೆಮನೆಯವರು ಪುನರ್ಪುಳಿಯ ಪಾನಕವನ್ನು ಹೇಳುತ್ತಾರೆ, ಮತ್ತೊಬ್ಬರು ಎಳನೀರನ್ನು. ಒಂದೆರಡು ವಾರ ರಕ್ತ ನಿಲ್ಲುತ್ತದೆ; ಔಷಧ ಫಲಿಸಿತೆಂದು ಎಲ್ಲರೂ ಸಂತೋಷಪಡುತ್ತಾರೆ. ಮೂಲವ್ಯಾಧಿಯ ರಕ್ತವೂ ಕ್ಯಾನ್ಸರಿನ ರಕ್ತವೂ ಬಂದು ಬಂದು ನಿಲ್ಲುವ ಸ್ವಭಾವದವೆಂಬುದನ್ನು ಅವರು ಅರಿಯರು. ಬಹುಮಂದಿಯಲ್ಲಿ ಅದು ಮೂಲವ್ಯಾಧಿಯೇ ಆಗಿರುತ್ತದೆ, ನಿಜ. ಆದರೆ ಯಾರಲ್ಲಿ ಯಾವುದೆಂದು ಹೇಳತಕ್ಕವನು ವೈದ್ಯನೇ ಹೊರತು ಮಜ್ಜಿಗೆಯಲ್ಲ. ಇಲ್ಲಿ ಒಂದು ವಿವೇಚನೆ ಅಗತ್ಯ. ಕಣ್ಣಿಗೆ ರಕ್ತ ಕಂಡವನಿಗೆ, ಮಲವಿಸರ್ಜನೆಯ ಕ್ರಮ ಕೆಲವು ವಾರಗಳಿಂದ ವ್ಯತ್ಯಾಸವಾದವನಿಗೆ, ಕಾರಣವಿಲ್ಲದೆ ಮೈ ಇಳಿಯುತ್ತಿರುವವನಿಗೆ ಬೇಕಾದುದು ಪೂರ್ವಪರೀಕ್ಷೆಯಲ್ಲ. ತಡವಿಲ್ಲದೆ ವೈದ್ಯರ ದರ್ಶನ. ಪೂರ್ವಪರೀಕ್ಷೆ ಇರುವುದು ಯಾವ ಕುರುಹೂ ಕಾಣದವರಿಗೆ.

ಕುರುಹು ಕಾಣದಿರುವುದೇ ಇಲ್ಲಿಯ ತೊಡಕು. ಮಂಗಳೂರಿಗರಿಗೆ ಪರೀಕ್ಷೆಯೆಂಬುದು ಅಪರಿಚಿತವಲ್ಲ. 1990ರ ದಶಕದಲ್ಲಿ ಮಲೇರಿಯವು ಆ ನಗರವನ್ನು ಬಹಳವಾಗಿ ಕಾಡಿದುದರಿಂದ, ಜ್ವರ ಬಂದೊಡನೆ ಬೆರಳು ಚುಚ್ಚಿಸಿಕೊಂಡು ರಕ್ತ ತೋರಿಸುವುದು ಜನಕ್ಕೆ ರೂಢಿಯಾಯಿತು. ನಡುಗಿಸುವ ಚಳಿಯೇ ಅಲ್ಲಿ ಮನುಷ್ಯನನ್ನು ಹೊರಡಿಸುತ್ತದೆ. ಕರುಳಿನ ಗಂಟು ಯಾರನ್ನೂ ನಡುಗಿಸುವುದಿಲ್ಲ. ಆದರೆ ಅದೇ ಕರಾವಳಿಯ ಅಡಿಕೆಯ ತೋಟಿಗನು ಕುರುಹಿಗಾಗಿ ಕಾಯುವವನಲ್ಲ. ಗೊನೆಯು ಹಸುರಾಗಿ ಆರೋಗ್ಯದಿಂದಿರುವಾಗಲೇ, ಮಳೆಗಾಲಕ್ಕೆ ಮುನ್ನ, ಮೈಲುತುತ್ತು ಸುಣ್ಣಗಳ ಬೋರ್ಡೋ ದ್ರಾವಣವನ್ನು ಸಿಂಪಡಿಸುತ್ತಾನೆ. 1910ರ ಸುಮಾರಿನಲ್ಲಿ ಮೈಸೂರು ಸಂಸ್ಥಾನದ ಕೃಷಿವಿಜ್ಞಾನಿ ಲೆಸ್ಲಿ ಕೋಲ್ಮನ್ನರು ಕೊಳೆರೋಗವನ್ನು ಅಭ್ಯಸಿಸಿ ಈ ಕ್ರಮಕ್ಕೆ ದಾರಿಮಾಡಿದರು. ಕಾಯಿ ಉದುರಿದ ಮೇಲೆ ಸಿಂಪಡಿಸಿ ಫಲವಿಲ್ಲವೆಂದು ಎಲ್ಲ ತೋಟಿಗರೂ ಬಲ್ಲರು. ಅಡಿಕೆಯ ಮರಕ್ಕೆ ಸಲ್ಲುವ ಮುಂದಾಲೋಚನೆ ಮರವನ್ನು ಬೆಳೆಸಿದವನ ಕಾಯಕ್ಕೆ ಸಲ್ಲದೆ?

ಮೂರನೆಯ ಉತ್ತರ ಭಯದಿಂದ ಹುಟ್ಟಿದುದು: ‘ಕ್ಯಾನ್ಸರ್ ಎಂದರೆ ಮುಗಿಯಿತು, ತಿಳಿದು ಮಾಡುವುದೇನು?’ ಇದು ಈ ನಾಡಿಗೇ ಮೀಸಲಾದ ಮಾತಲ್ಲ. ಬಾರ್ಬರಾ ಪೋವ್ ಎಂಬ ವಿದುಷಿ ಅಮೆರಿಕದ ಕರಿಯ ಜನಾಂಗದ ವೃದ್ಧರನ್ನು ಕುರಿತು 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕ್ಯಾನ್ಸರನ್ನು ಮೀರಲಾಗದ ವಿಧಿಯೆಂದು ಭಾವಿಸಿದವರು ಮಲಪರೀಕ್ಷೆಗೆ ಒಡಂಬಡುವುದು ಕಡಿಮೆಯೆಂದು ತೋರಿಬಂದಿತು. ಈ ನಂಬಿಕೆಯ ದುರಂತವೆಂದರೆ, ಅದು ತನ್ನನ್ನು ತಾನೇ ಸತ್ಯವೆಂದು ಸಾಧಿಸಿಕೊಳ್ಳುತ್ತದೆ. ಅಂಜಿ ತಡಮಾಡಿದವನು ಕೊನೆಯ ಘಟ್ಟದಲ್ಲಿ ವೈದ್ಯನಲ್ಲಿಗೆ ಹೋಗುತ್ತಾನೆ, ಬದುಕುವುದಿಲ್ಲ. ಅವನನ್ನು ಕಂಡವರು ‘ನೋಡಿ, ವೈದ್ಯರಲ್ಲಿಗೆ ಹೋದರೂ ಉಳಿಯಲಿಲ್ಲ’ ಎನ್ನುತ್ತಾರೆ. ಮೊದಲೇ ಗಂಟು ತೆಗೆಸಿಕೊಂಡು ಸುಖವಾಗಿರುವವನ ಸುದ್ದಿ ಬೀದಿಗೆ ಬರುವುದೇ ಇಲ್ಲ. ಬಾರದ ರೋಗಕ್ಕೆ ಕಥೆಯಿಲ್ಲ.

ಇದೇ ಭಯ ಕೆಲವೊಮ್ಮೆ ಭಕ್ತಿಯ ಉಡುಗೆಯನ್ನು ತೊಡುತ್ತದೆ: ‘ಶಿವನು ಕೊಟ್ಟಷ್ಟು ದಿನ, ಮರಣಕ್ಕೆ ಅಂಜುವುದು ಶರಣರ ಲಕ್ಷಣವಲ್ಲ.’ ಶರಣರು ಮರಣವನ್ನು ಹಬ್ಬದಂತೆ ಇದಿರುಗೊಂಡರೆಂಬುದು ಸತ್ಯ. ಆದರೆ ಮರಣಕ್ಕೆ ಅಂಜದವನು ಪರೀಕ್ಷೆಯ ಫಲಕ್ಕೇಕೆ ಅಂಜಬೇಕು? ನಿರ್ಭಯನಾದವನಿಗೆ ತಿಳಿಯುವುದರಿಂದ ಹಾನಿಯಿಲ್ಲ. ಅಂಗಡಿಯ ಲೆಕ್ಕವನ್ನು ದಿನದಿನವೂ ನೋಡುವವನು, ಮಗಳ ಮದುವೆಗೆ ವರ್ಷಗಳ ಮುಂಚೆ ಹಣ ಕೂಡಿಡುವವನು, ದೇಹವೊಂದರ ವಿಷಯದಲ್ಲಿ ಮಾತ್ರ ಎಲ್ಲವನ್ನೂ ಶಿವನಿಗೆ ಒಪ್ಪಿಸಿದೆನೆಂದರೆ, ಅದು ಒಪ್ಪಿಸಿದುದಲ್ಲ, ಕಣ್ಣು ಮುಚ್ಚಿಕೊಂಡುದು. ದೇಹವನ್ನೇ ದೇವಾಲಯವಾಗಿ ಕಂಡವರು ಬಸವಣ್ಣನವರು. ದೇವಾಲಯದ ಗೋಡೆ ಒಳಗೊಳಗೆ ಶಿಥಿಲವಾಗುತ್ತಿರುವಾಗ ಅದನ್ನು ಪರೀಕ್ಷಿಸದ ಅರ್ಚಕನನ್ನು ಯಾರೂ ವೈರಾಗ್ಯಶಾಲಿಯೆಂದು ಹೊಗಳುವುದಿಲ್ಲ. ಶರಣರ ಸಮೂಹದಲ್ಲಿ ವೈದ್ಯ ಸಂಗಣ್ಣನೂ ಇದ್ದನು. ಚಿಕಿತ್ಸೆಯೇ ಅವನ ಕಾಯಕ. ವೈದ್ಯವೃತ್ತಿಯು ಶಿವನ ಇಚ್ಛೆಗೆ ವಿರುದ್ಧವಾಗಿದ್ದರೆ ಅದು ಕಾಯಕವೆನಿಸುತ್ತಿರಲಿಲ್ಲ.

ನಾಲ್ಕನೆಯದು ಸಂಕೋಚ. ಮಲವನ್ನು ಮುಟ್ಟಿ ತೆಗೆಯುವುದೆ? ಅದನ್ನು ಮನೆಯಲ್ಲಿಟ್ಟು ಒಯ್ಯುವುದೆ? ಪ್ರಯೋಗಶಾಲೆಯ ಹುಡುಗಿಯ ಕೈಗೆ ಕೊಡುವುದೆ? ಪರೀಕ್ಷೆಗೆ ಒಪ್ಪಿದವರೂ ಅನೇಕರು ಇಲ್ಲಿಯೇ ಹಿಂಜರಿಯುತ್ತಾರೆ. ಇಷ್ಟಲಿಂಗಧಾರಿಗೆ ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳಿಲ್ಲವೆಂದು ಸಾರಿದ ಧರ್ಮದಲ್ಲಿ ಹುಟ್ಟಿದವರಿಗೆ ಈ ಹಿಂಜರಿಕೆ ಅಷ್ಟಾಗಿ ಇರಬಾರದು. ಶರಣರು ಶುಚಿತ್ವವನ್ನು ಬೇಡವೆಂದವರಲ್ಲ. ಶುಚಿತ್ವ ಬೇರೆ, ಸೂತಕ ಬೇರೆ. ಕೈ ತೊಳೆದರೆ ಹೋಗುವುದು ಕೊಳೆ; ತೊಳೆದ ಮೇಲೂ ಮನಸ್ಸಿನಲ್ಲಿ ಉಳಿಯುವುದು ಸೂತಕ. ಪರರ ಬಟ್ಟೆಯ ಕೊಳೆಯನ್ನು ತೊಳೆದ ಮಡಿವಾಳ ಮಾಚಯ್ಯನವರನ್ನು ವೀರಗಣಾಚಾರಿಯೆಂದು ಗೌರವಿಸಿದ ಪರಂಪರೆಯಲ್ಲಿ, ಮಲದ ನಳಿಕೆಯನ್ನು ಪರೀಕ್ಷಿಸುವ ಹುಡುಗಿಯ ಕೆಲಸವೂ ಕಾಯಕವೇ. ಅವಳು ನಾಚದೆ ಮಾಡುವ ಕೆಲಸಕ್ಕೆ, ಅದರಿಂದ ಪ್ರಾಣ ಉಳಿಸಿಕೊಳ್ಳುವವನು ನಾಚುವುದು ವಿಚಿತ್ರ.

ಹೀಗೆಂದ ಮಾತ್ರಕ್ಕೆ ದೋಷವೆಲ್ಲ ಜನರ ನಂಬಿಕೆಯಲ್ಲಿದೆಯೆಂದು ನಿರ್ಣಯಿಸುವುದು ಅನ್ಯಾಯವಾದೀತು. ಇಂಗ್ಲೆಂಡಿನ ಅನುಭವ ಇದಕ್ಕೆ ಸಾಕ್ಷಿ. ಅಲ್ಲಿ ಹಳೆಯ ಪರೀಕ್ಷೆಗೆ ಮೂರು ಸಲದ ಮಲದಿಂದ ಎರಡೆರಡು ಮಾದರಿಗಳನ್ನು ತೆಗೆಯಬೇಕಾಗಿತ್ತು. ಹೊಸ ಪರೀಕ್ಷೆಗೆ ಒಂದೇ ಸಾಕು. 2014ರಲ್ಲಿ ಹೊಸ ಕ್ರಮವನ್ನು ಪ್ರಯೋಗಾರ್ಥವಾಗಿ ಆಚರಿಸಿದಾಗ, ಆಹ್ವಾನಿತರಾದ 100 ಮಂದಿಯಲ್ಲಿ ಪರೀಕ್ಷೆ ಮಾಡಿಕೊಂಡವರು ಸುಮಾರು 59ರಿಂದ 66ಕ್ಕೆ ಏರಿದರು. ಜನರಿಗೆ ಹೊಸ ಬೋಧನೆಯೇನೂ ಬೇಕಾಗಲಿಲ್ಲ. ದಾರಿ ಸುಗಮವಾಯಿತು, ಅಷ್ಟೆ. ಅದೇ ದೇಶದಲ್ಲಿ 2000ದಲ್ಲಿ ಕವೆಂಟ್ರಿ ಮತ್ತು ವಾರಿಕ್‌ಷೈರಿನಲ್ಲಿ ಆರಂಭವಾದ ಪ್ರಯೋಗದಲ್ಲಿ, ದಕ್ಷಿಣ ಏಷ್ಯದ ಮೂಲದವರು ಪರೀಕ್ಷೆಯಲ್ಲಿ ಪಾಲ್ಗೊಂಡುದು ಇತರರಿಗಿಂತ ಬಹಳ ಕಡಿಮೆ. ಹಣದ ಅಡ್ಡಿಯಿಲ್ಲದಿರುವಲ್ಲಿಯೂ ಭಾಷೆ, ಸಂಕೋಚ, ತಿಳಿವಳಿಕೆಯ ಕೊರತೆಗಳು ಅಡ್ಡವಾಗುವುವು. ಹಾಗಿರುವಾಗ, ದಿನದ ಕೂಲಿಯನ್ನು ಬಿಟ್ಟು ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಬೇಕಾದ ಬಂದರಿನ ಹಮಾಲನಿಗೆ ‘ನಿನ್ನದು ಮೂಢನಂಬಿಕೆ’ ಎಂದು ಹೇಳುವ ಅಧಿಕಾರ ಯಾರಿಗಿದೆ? ಅವನ ವೆಚ್ಚಕ್ಕೆ, ಅವನ ಜತೆಗೆ ಹೋಗಿ ಬರುವುದಕ್ಕೆ ಒಬ್ಬರಾದರೂ ಒದಗಿದರೆ ಅದೂ ದಾಸೋಹವೇ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯು ಬಡತನದ ರೇಖೆಗಿಂತ ಕೆಳಗಿರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಯನ್ನು ಕಲ್ಪಿಸಿದೆ. ಅದನ್ನು ತಿಳಿಸಿ ಹೇಳುವುದೂ ಒಂದು ಸೇವೆ.

ಪರೀಕ್ಷೆಗೂ ಮಿತಿಯುಂಟು, ಅದನ್ನು ಮರೆಮಾಡುವುದು ಸತ್ಯಕ್ಕೆ ಸಲ್ಲದು. ಮಲದಲ್ಲಿ ರಕ್ತ ತೋರಿದವರಲ್ಲಿ ಬಹುಪಾಲು ಮಂದಿಗೆ ಕ್ಯಾನ್ಸರ್ ಇರುವುದಿಲ್ಲ. ಅವರು ಕೆಲವು ದಿನ ವೃಥಾ ಚಿಂತೆಯನ್ನು ಅನುಭವಿಸುತ್ತಾರೆ. ಕ್ಯಾನ್ಸರ್ ಇರುವ ಕೆಲವರಲ್ಲಿ ರಕ್ತ ತೋರದೆಯೂ ಹೋಗಬಹುದು. ಆದುದರಿಂದಲೇ ಪರೀಕ್ಷೆಯನ್ನು ವರ್ಷಕ್ಕೋ ಎರಡು ವರ್ಷಕ್ಕೋ ಪುನಃ ಮಾಡಬೇಕಾಗುತ್ತದೆ. ಕೊಲೊನೋಸ್ಕೋಪಿಯಿಂದ ಕರುಳಿಗೆ ಗಾಯವಾಗುವುದು ಅಪರೂಪ, ಆದರೆ ಅಸಂಭವವಲ್ಲ. ಅಮೆರಿಕದಲ್ಲಿ 2021ರಿಂದ 45ನೆಯ ವಯಸ್ಸಿಗೇ ಪರೀಕ್ಷೆಯನ್ನು ಆರಂಭಿಸಲು ಸೂಚಿಸಿದ್ದಾರೆಂದು, ರೋಗವು ಕಡಿಮೆಯಿರುವ ನಾಡಿನಲ್ಲಿ ಎಲ್ಲರೂ ಅದನ್ನೇ ಅನುಸರಿಸಬೇಕೆಂಬ ನಿಯಮವಿಲ್ಲ. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಈ ರೋಗ ಬಂದಿದ್ದರೆ ಮಾತ್ರ ಸಂದೇಹಕ್ಕೆ ಎಡೆಯಿಲ್ಲ. 40ನೆಯ ವಯಸ್ಸಿಗೆ, ಅಥವಾ ಆ ಬಂಧುವಿಗೆ ರೋಗ ಕಂಡ ವಯಸ್ಸಿಗಿಂತ 10 ವರ್ಷ ಮೊದಲೇ ವೈದ್ಯರನ್ನು ಕೇಳತಕ್ಕದ್ದು. ಉಳಿದವರು 50 ತುಂಬಿದಾಗ ತಮಗೆ ತಿಳಿದ ವೈದ್ಯರೊಡನೆ ಒಮ್ಮೆ ಈ ಮಾತನ್ನು ಎತ್ತುವುದು ಲೇಸು. 85ರ ವೃದ್ಧರು ‘ಇನ್ನು ಸಾಕು, ನಳಿಕೆ ಬೇಡ’ ಎಂದರೆ ಅದು ಭಯವಲ್ಲ, ಪಕ್ವತೆಯಿರಬಹುದು. ಅವರನ್ನು ಬಲಾತ್ಕರಿಸುವುದು ಧರ್ಮವಲ್ಲ. ತಿಳಿದು ಬೇಡವೆನ್ನುವುದಕ್ಕೂ ತಿಳಿಯಲೊಲ್ಲದೆ ಬೇಡವೆನ್ನುವುದಕ್ಕೂ ಇರುವ ಅಂತರವೇ ಈ ವಿಚಾರದ ತಿರುಳು.

ಕಡೆಯದಾಗಿ ಎಚ್ಚರಿಕೆಯ ಒಂದು ಮಾತು. ರೋಗಿಯನ್ನು ಕಂಡು ‘ಪೂರ್ವಜನ್ಮದ ಪಾಪ’ ಎನ್ನುವ ಕ್ರೌರ್ಯ ಲೋಕದಲ್ಲಿ ಹಿಂದಿನಿಂದಲೂ ಇದೆ. ‘ಮೊದಲೇ ಏಕೆ ಪರೀಕ್ಷೆ ಮಾಡಿಸಲಿಲ್ಲ?’ ಎಂದು ಹಾಸಿಗೆಯ ಪಕ್ಕದಲ್ಲಿ ನಿಂತು ಕೇಳುವುದು ಅದೇ ಕ್ರೌರ್ಯದ ಹೊಸ ರೂಪ. ಪರೀಕ್ಷೆಯನ್ನು ಕರ್ತವ್ಯವೆಂದು ಹೇಳಬೇಕಾದುದು ಆರೋಗ್ಯದಿಂದಿರುವವನಿಗೆ. ರೋಗಿಗೆ ಸಲ್ಲತಕ್ಕದ್ದು ಆರೈಕೆಯೊಂದೇ. ಆರೋಗ್ಯದಿಂದಿರುವ ಗೃಹಸ್ಥನಾದರೋ ತನ್ನ ದೇಹವು ತನ್ನೊಬ್ಬನದೇ ಅಲ್ಲವೆಂಬುದನ್ನು ನೆನೆಯಲಿ. ಅದರ ದುಡಿಮೆಯನ್ನು ನಂಬಿ ಮನೆಯಿದೆ, ಮಕ್ಕಳಿದ್ದಾರೆ, ಬಾಗಿಲಿಗೆ ಬರುವ ಜಂಗಮನ ಪ್ರಸಾದವಿದೆ. ‘ದವಾಖಾನಿಗೆ ತೋರಿಸಿಕೊಂಡು ಬರ್ರಿ’ ಎಂದ ಹೆಂಡತಿಯ ಮಾತಿನಲ್ಲಿರುವುದು ಹೆಂಗಸರ ಅಂಜಿಕೆಯಲ್ಲ, ಆ ದೇಹದಲ್ಲಿ ಅವಳಿಗಿರುವ ಪಾಲು. ಅರಿವನ್ನು ಗುರುವಿನ ಪೀಠದಲ್ಲಿ ಕುಳ್ಳಿರಿಸಿದ ಧರ್ಮದವರು, ಅರಿವು ಮನೆಯ ಬಾಗಿಲಿಗೆ ಚಿಕ್ಕ ನಳಿಕೆಯ ರೂಪದಲ್ಲಿ ಬಂದಾಗ ಕದವಿಕ್ಕದಿರಲಿ.